ನೀಲಾಂಜನೆಯ ಜಾಗಕ್ಕೆ ಬಂದವಳು

ಪಂಪನ 'ಆದಿಪುರಾಣ'ದಲ್ಲಿ ನಾವು ಓದಿದ್ದಕ್ಕಿಂತ ಹೆಚ್ಚಾಗಿ ಹೊಗಳಿದ ಪ್ರಸಂಗವೊಂದಿದ್ದರೆ ಅದು ನೀಲಾಂಜನೆಯ ನೃತ್ಯ. ಕಥೆ ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆಲ್ಲ ಬಾಯಿಪಾಠ. ಆದಿದೇವನ ಒಡ್ಡೋಲಗ, ಇಂದ್ರ ಕುಣಿಸಿದ ಅಪ್ಸರೆ, ಕುಣಿಯುತ್ತಿದ್ದಂತೆಯೇ ಆಯುಸ್ಸು ತೀರಿ ಅವಳು ಇಲ್ಲವಾಗುವುದು, ಅದನ್ನು ಕಂಡ ದೊರೆಗೆ ಸಂಸಾರದ ನಶ್ವರತೆ ಹೊಳೆದು ವೈರಾಗ್ಯ ಹುಟ್ಟುವುದು. ವ್ಯಾಖ್ಯಾನವೂ ಅಷ್ಟೇ ರೂಢಿಯದು: ಒಂದು ಕ್ಷಣ, ಒಂದು ಮಿಂಚು, ಭೋಗದಿಂದ ಯೋಗಕ್ಕೆ ಒಂದೇ ನೆಗೆತ. ಪಠ್ಯಪುಸ್ತಕಗಳು ಇದನ್ನು ನೀತಿಯ ಭಾಷೆಯಲ್ಲಿ ಹೇಳಿದವು. ನವ್ಯದ ನಂತರದ ವಿಮರ್ಶೆ ಇದನ್ನೇ 'ಎಪಿಫನಿ' ಎಂದಿತು. ಹೆಸರು ಬದಲಾದರೂ ನಂಬಿಕೆ ಒಂದೇ. ಸತ್ಯ ಹಠಾತ್ತನೆ ಬರುತ್ತದೆ, ಬಂದ ಕ್ಷಣವೇ ಕಾವ್ಯದ ಅರ್ಥ, ಮುಂದಿನದೆಲ್ಲ ಪುರಾಣದ ಲೆಕ್ಕಾಚಾರ.

ಈ ಓದು ತಪ್ಪು ಎನ್ನುವುದು ನನ್ನ ವಾದ. ಬಿಡಿ ವಿವರದಲ್ಲಷ್ಟೇ ತಪ್ಪಿದ್ದರೆ ಜಗಳ ಬೇಕಿರಲಿಲ್ಲ. ನಮ್ಮ ಹಳೆಯ ಕವಿಗಳು ಇಂಥ ಕ್ಷಣಗಳನ್ನು ಎಷ್ಟು ಸಂಶಯದಿಂದ ನೋಡಿದರು, ಎಷ್ಟು ಕಠಿಣವಾಗಿ ಪರೀಕ್ಷೆಗೆ ಒಡ್ಡಿದರು ಎಂಬುದನ್ನೇ ಇದು ಮರೆಸಿಬಿಟ್ಟಿದೆ.

ಮೊದಲು ನೃತ್ಯದ ಸಂಗತಿಯನ್ನೇ ನೋಡೋಣ. ಇದು ಆಕಸ್ಮಿಕವಲ್ಲ, ಏರ್ಪಾಡು. ಜೈನರ ಕಾಲಮಾನದಲ್ಲಿ ಆದಿದೇವನ ಆಯುಸ್ಸು 84 ಲಕ್ಷ ಪೂರ್ವ. ಅದರಲ್ಲಿ 83 ಲಕ್ಷ ಪೂರ್ವ ಅರಮನೆಯಲ್ಲೇ ಕಳೆದುಹೋಗಿದೆ. ತೀರ್ಥಂಕರನಾಗಬೇಕಾದವನು ಇನ್ನೂ ಸಂಗೀತ, ನೃತ್ಯ, ರಾಜ್ಯಗಳಲ್ಲಿ ಮುಳುಗಿದ್ದಾನೆ ಎಂದು ಇಂದ್ರನಿಗೆ ಚಿಂತೆ. ಆಗ ಅವನು ಬೇಕೆಂದೇ ಆಯುಸ್ಸು ಮುಗಿಯಲಿರುವ ನರ್ತಕಿಯನ್ನು ಆರಿಸುತ್ತಾನೆ. ಪಂಪನಿಗೆ ಆಕರವಾದ ಜಿನಸೇನಾಚಾರ್ಯರ ಸಂಸ್ಕೃತ ಪುರಾಣದಲ್ಲಂತೂ ಆದಿದೇವನೇ ಇದನ್ನು ಕಂಡುಹಿಡಿಯುತ್ತಾನೆ: ನನ್ನನ್ನು ಎಚ್ಚರಿಸಲೆಂದೇ ಇಂದ್ರ ಹೂಡಿದ ಕಪಟನಾಟಕ ಇದು ಎಂದು. ಅಂದರೆ ನಾವು ಸಾಕ್ಷಾತ್ಕಾರ ಎಂದು ಕರೆಯುತ್ತಿರುವ ಗಳಿಗೆಗೆ ಒಬ್ಬ ಸ್ಟೇಜ್ ಮ್ಯಾನೇಜರ್ ಇದ್ದಾನೆ. ಅವನಿದ್ದಾನೆಂಬುದು ನೋಡುಗನಿಗೂ ಗೊತ್ತಾಗುತ್ತದೆ. ಗೊತ್ತಾದ ಮೇಲೂ ಅವನು ಆ ಪಾಠವನ್ನು ತಳ್ಳಿಹಾಕುವುದಿಲ್ಲ. ಇಂಥ ಜಟಿಲವಾದ ಪ್ರಜ್ಞೆಯನ್ನು 'ಮಿಂಚು' ಎಂದು ಕರೆದು ಕೈತೊಳೆದುಕೊಳ್ಳುವುದು ಹೇಗೆ?

ಇನ್ನೊಂದು ಸಂಗತಿ. ತೀರ್ಥಂಕರರು ಹುಟ್ಟುವಾಗಲೇ ಮತಿ, ಶ್ರುತ, ಅವಧಿ ಎಂಬ ಮೂರು ಜ್ಞಾನಗಳೊಂದಿಗೆ ಹುಟ್ಟುತ್ತಾರೆ ಎಂಬುದು ಜೈನ ಸಿದ್ಧಾಂತದ ಪ್ರಾಥಮಿಕ ಪಾಠ. ಅವಧಿಜ್ಞಾನ ಇರುವವನಿಗೆ ಬದುಕು ಅನಿತ್ಯವೆಂದು ಹೇಳಲು ಒಬ್ಬ ಅಪ್ಸರೆ ಸಾಯಬೇಕಾಗಿಲ್ಲ. ನೀಲಾಂಜನೆ ಅವನಿಗೆ ಹೊಸದೇನನ್ನೂ ತಿಳಿಸಲಿಲ್ಲ. ಅವನಿಗೆ ಅದು ಮೊದಲೇ ಗೊತ್ತಿತ್ತು. ಗೊತ್ತಿದ್ದರೂ 83 ಲಕ್ಷ ಪೂರ್ವ ಏನೂ ಆಗಲಿಲ್ಲ ಎಂಬುದೇ ಈ ಕಾವ್ಯದ ನಿಜವಾದ ಆಶ್ಚರ್ಯ. ಈ ಕ್ಷಣ ಅವನ ಅಜ್ಞಾನವನ್ನು ಕಳೆಯುವುದಿಲ್ಲ. ತಿಳಿದಿದ್ದನ್ನು ಮುಂದಕ್ಕೆ ಹಾಕುತ್ತಾ ಬಂದವನಿಗೆ ಇನ್ನು ಮುಂದೂಡಲಾರದ ಸ್ಥಿತಿಯನ್ನು ತಂದೊಡ್ಡುತ್ತದೆ.

ಇನ್ನು ಆ ಬದಲಿ ನರ್ತಕಿ. ನೀಲಾಂಜನೆ ಮಾಯವಾದ ಕೂಡಲೇ ಇಂದ್ರ ಅವಳಂಥವಳೇ ಆದ ಇನ್ನೊಬ್ಬಳನ್ನು ಅದೇ ಜಾಗದಲ್ಲಿ, ಅದೇ ಗತಿಯಲ್ಲಿ ನಿಲ್ಲಿಸಿ ರಸಭಂಗವಾಗದಂತೆ ನೋಡಿಕೊಳ್ಳುತ್ತಾನೆ. ಅದೇ ರಂಗ, ಅದೇ ಲಯ. ಆದರೂ ಆದಿದೇವ ವ್ಯತ್ಯಾಸ ಹಿಡಿಯುತ್ತಾನೆ. ಯಾಕೆ ಅವನಿಗೇ ಕಂಡಿತು? 'ದೇವನಾದ್ದರಿಂದ' ಎಂಬ ಉತ್ತರ ನನಗೆ ಸಾಲದು. ಕಾವ್ಯದ ಒಳಗೇ ಬೇರೆ ಉತ್ತರವಿದೆ. ಬ್ರಾಹ್ಮಿಗೆ ಅಕ್ಷರ, ಸುಂದರಿಗೆ ಅಂಕಿ, ಮಗ ಭರತನಿಗೆ ನಾಟ್ಯಶಾಸ್ತ್ರ ಕಲಿಸಿದವನು ಇವನೇ. ಕಲೆಯನ್ನು ಬಲ್ಲ ಕಣ್ಣು ಅದು. ಎರಡು ದೇಹಗಳ ನಡುವಿನ ಕೂದಲೆಳೆಯಷ್ಟು ಅಂತರವನ್ನು ಹಿಡಿದದ್ದು ವೈರಾಗ್ಯವಲ್ಲ, ರಸಿಕತೆ. ಭೋಗವನ್ನು ಧಿಕ್ಕರಿಸಿದವನಿಗೆ ದರ್ಶನವಾಯಿತು ಎಂದು ಹೇಳುವ ನೀತಿಬೋಧಕರು ಗಮನಿಸಬೇಕು: ನೃತ್ಯದಲ್ಲಿ ಅಷ್ಟು ತನ್ಮಯನಾಗಿರದಿದ್ದರೆ ಅವನಿಗೂ ಸಭೆಯ ಉಳಿದವರಂತೆ ಒಬ್ಬಳೇ ಕುಣಿದಂತೆ ಕಾಣುತ್ತಿತ್ತು. ಪಂಪನ ಭೋಗವರ್ಣನೆಗಳನ್ನು 'ಲೌಕಿಕ ಕವಿಯ ಚಪಲ' ಎಂದು ಕ್ಷಮಿಸಿ ದಾಟುವ ಅಭ್ಯಾಸ ನಮಗಿದೆ. ಆ ಭೋಗದ ತರಬೇತಿಯಿಲ್ಲದೆ ಈ ದರ್ಶನವಿಲ್ಲ.

ಆಮೇಲೆ ಏನಾಯಿತು? ಸಂಕಲನಗಳು ನಿಲ್ಲುವುದು ಇಲ್ಲೇ, ಆದ್ದರಿಂದ ತಪ್ಪಭಿಪ್ರಾಯ ಬೆಳೆಯುವುದೂ ಇಲ್ಲೇ. ಆದಿದೇವ ಭರತನಿಗೆ ಪಟ್ಟ ಕಟ್ಟಿ ದೀಕ್ಷೆ ಪಡೆಯುತ್ತಾನೆ. ಅವನೊಂದಿಗೆ ನಾಲ್ಕು ಸಾವಿರ ದೊರೆಗಳೂ ದೀಕ್ಷೆ ಪಡೆಯುತ್ತಾರೆ. ಒಡೆಯನ ಮೇಲಿನ ಭಕ್ತಿಯೇ ಅವರಿಗೆ ಕಾರಣ, ಕಂಡ ಸತ್ಯವಲ್ಲ. ಹಸಿವೆ ತಾಳಲಾರದೆ ಅವರು ಗೆಡ್ಡೆಗೆಣಸು ತಿಂದು, ನಾರುಡೆ ಉಟ್ಟು, ದಾರಿ ತಪ್ಪುತ್ತಾರೆ. ಭರತನ ಮಗ ಮರೀಚಿಯೂ ಆ ಗುಂಪಿನಲ್ಲಿದ್ದ. ಇನ್ನೊಬ್ಬನ ದರ್ಶನವನ್ನು ಎರವಲು ತಂದವರ ಗತಿ ಏನು ಎಂಬುದಕ್ಕೆ ಇದಕ್ಕಿಂತ ನಿರ್ದಾಕ್ಷಿಣ್ಯವಾದ ಚಿತ್ರ ನಮ್ಮ ಸಾಹಿತ್ಯದಲ್ಲಿ ನನಗೆ ಕಂಡಿಲ್ಲ. ಸ್ವತಃ ಆದಿದೇವನಿಗೂ ಸುಲಭವಿಲ್ಲ. ಆರು ತಿಂಗಳ ಉಪವಾಸ ಮುಗಿಸಿ ಆಹಾರಕ್ಕೆ ಹೊರಟರೆ, ಮುನಿಗೆ ಹೇಗೆ ಆಹಾರ ಕೊಡಬೇಕೆಂಬುದೇ ಲೋಕಕ್ಕೆ ತಿಳಿಯದು. ಜನ ಆನೆ, ಕುದುರೆ, ಒಡವೆ, ಕನ್ಯೆಯರನ್ನು ತಂದು ಮುಂದೆ ನಿಲ್ಲಿಸುತ್ತಾರೆ. ಕೊನೆಗೆ ಹಸ್ತಿನಾಪುರದ ಶ್ರೇಯಾಂಸನಿಗೆ ಹಿಂದಿನ ಜನ್ಮದ ನೆನಪು ಬರುತ್ತದೆ. ಅವನೇ ಒಂದು ಜನ್ಮದಲ್ಲಿ ಶ್ರೀಮತಿಯಾಗಿ, ಆಗ ವಜ್ರಜಂಘನಾಗಿದ್ದ ಇದೇ ಆದಿದೇವನ ಜೊತೆ ಚಾರಣಮುನಿಗಳಿಗೆ ಆಹಾರ ನೀಡಿದ್ದ. ಆ ನೆನಪಿನ ಬಲದಿಂದ ಕಬ್ಬಿನ ರಸ ಕೊಡುತ್ತಾನೆ. ಅಕ್ಷಯ ತೃತೀಯೆಯ ಹಬ್ಬವನ್ನು ಜೈನರು ಇಂದಿಗೂ ಇದಕ್ಕಾಗಿಯೇ ಆಚರಿಸುತ್ತಾರೆ. ನನ್ನ ಮಟ್ಟಿಗೆ ಇಡೀ 'ಆದಿಪುರಾಣ'ದ ಅತ್ಯಂತ ಉಪಯುಕ್ತ ಹೊಳಹು ಇದೇ. ಶ್ರೇಯಾಂಸನಿಗೆ ಹೊಳೆದದ್ದು ಜಗತ್ತಿನ ಸ್ವರೂಪವಲ್ಲ. ಹಸಿದವನಿಗೆ ಬಡಿಸುವ ಕ್ರಮ.

ನೀಲಾಂಜನೆಯಿಂದ ಕೇವಲಜ್ಞಾನವೆಂಬ ಪೂರ್ಣ ಅರಿವಿನವರೆಗೆ ಎಷ್ಟು ಕಾಲ? ಒಂದು ಸಾವಿರ ವರ್ಷದ ತಪಸ್ಸು. ಪುರಾಣದ ಅಂಕಿಗಳನ್ನು ಅಕ್ಷರಶಃ ನಂಬಬೇಕಾಗಿಲ್ಲ. ಆದರೆ ಅವು ಕವಿಯ ಅನುಪಾತಪ್ರಜ್ಞೆಯನ್ನು ಹೇಳುತ್ತವೆ. ಆ ಕ್ಷಣಕ್ಕೆ ಬೇಕಾದರೆ ಸಾಲದ ಪತ್ರಕ್ಕೆ ಹಾಕಿದ ಸಹಿಯ ಬೆಲೆ ಕೊಡಬಹುದು, ಅದಕ್ಕಿಂತ ಹೆಚ್ಚಲ್ಲ.

ಇಂಥ ಸಹಿಗಳು ಜೈನಕಾವ್ಯಗಳಲ್ಲಿ ಬೇಕಾದಷ್ಟಿವೆ ಎಂಬುದನ್ನೂ ನೆನಪಿಡಬೇಕು. ಶ್ರೀಮತಿಯ ತಂದೆ ವಜ್ರದಂತ ಚಕ್ರವರ್ತಿ ತಾವರೆಯೊಳಗೆ ಸತ್ತ ದುಂಬಿಯನ್ನು ಕಂಡು ರಾಜ್ಯ ಬಿಡುತ್ತಾನೆ. ಜನ್ನನ ಯಶೌಘ ಒಂದು ನರೆಗೂದಲು ಕಂಡು ಮಗನಿಗೆ ಪಟ್ಟ ಕಟ್ಟುತ್ತಾನೆ. ನೇಮಿ ಮದುವೆಯ ದಾರಿಯಲ್ಲಿ ಕಟ್ಟಿಹಾಕಿದ ಪ್ರಾಣಿಗಳ ಕೂಗು ಕೇಳಿ ರಥ ತಿರುಗಿಸುತ್ತಾನೆ. ಇದೊಂದು ಕಾವ್ಯಸಂಪ್ರದಾಯ, ನಿಮಿತ್ತ ಮಾತ್ರ. ನರೆಗೂದಲು ಎಲ್ಲ ದೊರೆಗಳಿಗೂ ಬಂದಿತ್ತು. ಯಾರಿಗೆ ಅದು ನಿಮಿತ್ತವಾಯಿತು ಎಂಬುದಷ್ಟೇ ಪ್ರಶ್ನೆ. ನಿಮಿತ್ತವನ್ನೇ ಅರ್ಥವೆಂದು ಹಿಡಿಯುವ ವಿಮರ್ಶೆ ಬಾಗಿಲು ತಟ್ಟಿದ ಸದ್ದನ್ನು ವರ್ಣಿಸಿ, ಬಂದವರು ಯಾರೆಂದು ಕೇಳುವುದನ್ನೇ ಮರೆಯುತ್ತದೆ.

ಬಾಹುಬಲಿಯ ಪ್ರಸಂಗಕ್ಕೆ ಬಂದರೆ ರೂಢಿಯ ಓದು ಇನ್ನೂ ಗಟ್ಟಿಯಾಗಿ ಕೂತಿದೆ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಗೆದ್ದವನು ಅಣ್ಣ ಭರತನನ್ನು ಎತ್ತಿ ಕೆಳಗಿಳಿಸಿದ. ಸೋತ ಅಣ್ಣ ಚಕ್ರ ಎಸೆದ. ಅದು ಕೊಲ್ಲದೆ ಪ್ರದಕ್ಷಿಣೆ ಬಂದು ನಿಂತಿತು. ಆಗಲೇ ಗೆಲುವಿನ ಹೇಯತೆ ಹೊಳೆದು ಎಲ್ಲವನ್ನೂ ಬಿಟ್ಟು ಹೊರಟ. ನಮ್ಮ ನಾಟಕ, ನೃತ್ಯರೂಪಕ, ಭಾಷಣಗಳೆಲ್ಲ ಈ ಕ್ಲೈಮ್ಯಾಕ್ಸಿನಲ್ಲಿ ಪರದೆ ಎಳೆಯುತ್ತವೆ. ಸರಿ, ಉಜ್ವಲವಾದ ಘಳಿಗೆಯೇ. ಆದರೆ ಆ ಉಜ್ವಲತೆಯ ಮೇಲೆ ಪರಂಪರೆಗೆ ಪೂರ್ತಿ ನಂಬಿಕೆ ಇರಲಿಲ್ಲ. ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತರೂ ಅವನಿಗೆ ಕೇವಲಜ್ಞಾನ ಬರುವುದಿಲ್ಲ. ಯಾಕೆ? ಜಿನಸೇನರ ಪ್ರಕಾರ ನನ್ನಿಂದ ಅಣ್ಣನಿಗೆ ನೋವಾಯಿತು ಎಂಬ ಕೊರಗು ಒಳಗೆ ಉಳಿದಿತ್ತು. ಕನ್ನಡದಲ್ಲಿ ಹೆಚ್ಚು ಪ್ರಚಲಿತವಾದ ಕಥೆಯಲ್ಲಿ, ನಿಂತ ನೆಲವೂ ಭರತನದೇ ಎಂಬ ಮುಳ್ಳು. ಶ್ವೇತಾಂಬರರ ಕಥೆಯಲ್ಲಿ, ತನಗಿಂತ ಮೊದಲು ದೀಕ್ಷೆ ಪಡೆದ ತಮ್ಮಂದಿರಿಗೆ ನಮಸ್ಕರಿಸಬೇಕಲ್ಲ ಎಂಬ ಬಿಗುಮಾನ. ಸೋದರಿಯರಾದ ಬ್ರಾಹ್ಮಿ, ಸುಂದರಿ ಬಂದು ಆನೆಯಿಂದ ಕೆಳಗಿಳಿ ಎನ್ನಬೇಕಾಗುತ್ತದೆ.

ಕಾರಣದ ಬಗ್ಗೆ ಮೂರು ಕಥೆಗಳಿಗೂ ಒಮ್ಮತವಿಲ್ಲ. ಒಮ್ಮತವಿರುವುದು ಬೇರೆ ಎರಡು ವಿಷಯಗಳಲ್ಲಿ. ಆ ಮಹಾಕ್ಷಣದೊಳಗೆ ಅಹಂಕಾರದ ಅಥವಾ ಕೊರಗಿನ ಚೂರೊಂದು ಸಿಕ್ಕಿಕೊಂಡಿತ್ತು. ಅದನ್ನು ತೆಗೆಯಲು ಅವನಿಂದ ಆಗಲಿಲ್ಲ, ಇನ್ನೊಬ್ಬರು ಬರಬೇಕಾಯಿತು. ನಾನು ಈ ಎರಡನೆಯದಕ್ಕೆ ಹೆಚ್ಚು ಒತ್ತು ಕೊಡುತ್ತೇನೆ. ಏಕಾಂಗಿಯ ಎದೆಯಲ್ಲಿ ಸತ್ಯ ಹೊಳೆಯುವುದು ಎಂಬ ರಮ್ಯ ಕಲ್ಪನೆಗೆ ಇದು ನೇರ ವಿರುದ್ಧ. ಮೊದಲೆರಡು ಕಥೆಗಳಲ್ಲಿ ಗೆದ್ದವನ ಮುಳ್ಳನ್ನು ಕಿತ್ತವನು ಸೋತ ಅಣ್ಣ. ಅಲ್ಲಿ ಮಣಿದು ಪೂಜಿಸಿದ ಭರತನಿಲ್ಲದೆ ಬಾಹುಬಲಿಯ ದರ್ಶನ ಪೂರ್ಣವಲ್ಲ.

ಶ್ರವಣಬೆಳಗೊಳದ ಶಿಲ್ಪಿಗೆ ಇದು ವಿಮರ್ಶಕರಿಗಿಂತ ಚೆನ್ನಾಗಿ ಗೊತ್ತಿತ್ತು. 10ನೆಯ ಶತಮಾನದ ಕೊನೆಯಲ್ಲಿ ಚಾವುಂಡರಾಯ ಮಾಡಿಸಿದ ಸುಮಾರು 58 ಅಡಿಯ ಆ ಮೂರ್ತಿಯಲ್ಲಿ ಅಣ್ಣನನ್ನು ಎತ್ತಿ ಹಿಡಿದ ತೋಳಿಲ್ಲ, ಚಕ್ರವಿಲ್ಲ, ನಾಟಕೀಯ ತಿರುವಿನ ಸುಳಿವೂ ಇಲ್ಲ. ಕಾಲ ಬಳಿ ಹುತ್ತಗಳಿವೆ, ಅವುಗಳಿಂದ ಹೊರಬರುವ ಸರ್ಪಗಳಿವೆ, ತೊಡೆ ಸುತ್ತಿ ತೋಳಿನವರೆಗೆ ಹಬ್ಬಿದ ಮಾಧವಿ ಬಳ್ಳಿ ಇದೆ. ಬಳ್ಳಿ ಅಷ್ಟೆತ್ತರ ಹಬ್ಬಲು ಕಾಲ ಬೇಕು. ಶಿಲ್ಪಿ ಕೆತ್ತಲು ಆರಿಸಿಕೊಂಡದ್ದು ಕ್ಷಣವನ್ನಲ್ಲ, ಆ ವರ್ಷವನ್ನು. ಲಕ್ಷಾಂತರ ಜನ ಬೆಟ್ಟ ಹತ್ತಿ ಕೈಮುಗಿಯುವುದು ಆ ಇನ್ನೂ ಮುಗಿಯದ ಕಾಯುವಿಕೆಗೆ.

ಹೊಳೆದ ಸತ್ಯ ಪೂರ್ತಿ ಕೆಟ್ಟುಹೋಗುವುದನ್ನು ನೋಡಬೇಕಾದರೆ ಜನ್ನನ ಹತ್ತಿರ ಹೋಗಬೇಕು. 1209ರ 'ಯಶೋಧರ ಚರಿತೆ'ಯನ್ನು ನಾವು ಅಮೃತಮತಿಯ ಕಾವ್ಯವಾಗಿ ಮಾತ್ರ ಚರ್ಚಿಸುತ್ತ ಬಂದಿದ್ದೇವೆ. ಮಾವುತ ಅಷ್ಟಾವಂಕನ ಹಾಡು, ಅವಳ ಕಾಮ, ವಿಧಿಯೋ ಸ್ವೇಚ್ಛೆಯೋ ಎಂಬ ವಾದ. ಅವಳು ಅವನ ಬಳಿ ಹೋದ ರಾತ್ರಿ ಅವಳ ಗಂಡ ಯಶೋಧರನಿಗೂ ಏನೋ ಆಗುತ್ತದೆ. ಹೆಂಡತಿಯನ್ನು ಹಿಂಬಾಲಿಸಿ ಹೋಗಿ ಮಾವುತನ ಕೈಲಿ ಅವಳು ಪೆಟ್ಟು ತಿನ್ನುವುದನ್ನು ನೋಡುತ್ತಾನೆ, ಕತ್ತಿ ಎತ್ತುತ್ತಾನೆ, ಇಳಿಸುತ್ತಾನೆ. ಸಂಸಾರದ ಮೇಲೆ ಹೇಸಿಗೆ ಹುಟ್ಟುತ್ತದೆ. ರೂಢಿಯ ಸೂತ್ರದ ಪ್ರಕಾರ ಇದೇ ಜ್ಞಾನೋದಯ. ಕಾವ್ಯ ಇಲ್ಲಿ ಮುಗಿಯಬೇಕಿತ್ತು. ಬೆಳಗಾದ ಮೇಲೆ ಏನಾಗುತ್ತದೆ? ತಾಯಿ ಕೇಳಿದರೆ ಕಂಡದ್ದನ್ನು ಹೇಳಲಾರದೆ ಕೆಟ್ಟ ಕನಸು ಬಿತ್ತು ಎನ್ನುತ್ತಾನೆ. ತಾಯಿ ಚಂದ್ರಮತಿ ಶಾಂತಿಗೆ ಬಲಿ ಬೇಕೆನ್ನುತ್ತಾಳೆ. ಜೀವಹಿಂಸೆ ಬೇಡವೆಂದು ಹಿಟ್ಟಿನ ಕೋಳಿಗೆ ಒಪ್ಪುತ್ತಾನೆ. ಕಡಿದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ. ಅಮೃತಮತಿಯ ವಿಷದ ಊಟ, ಆಮೇಲೆ ಪ್ರಾಣಿಜನ್ಮಗಳ ಸರಮಾಲೆ.

ಜನ್ನ ಇಲ್ಲಿ ಮಾಡುತ್ತಿರುವುದು ಅಸಾಮಾನ್ಯವಾದ ವಿಮರ್ಶೆ. ರಾತ್ರಿ ಕಂಡ ಸತ್ಯ ಬೆಳಗಿನ ಒಂದು ಸಣ್ಣ ಸುಳ್ಳಿನ ಎದುರು ನಿಲ್ಲಲಿಲ್ಲ. ತಾಯಿಯ ಮುಂದೆ ಮುಜುಗರ, ಮರ್ಯಾದೆ, ಮನೆಯ ಮಾತು ಹೊರಬೀಳಬಾರದೆಂಬ ಅಳುಕು, ಇಷ್ಟು ಸಾಕಾಯಿತು. ಕತ್ತಿ ಇಳಿಸಿದಾಗಿನ ಔನ್ನತ್ಯವನ್ನು ಹೊಗಳುವವರು ಈ ಬೆಳಗಿನ ಸಂಭಾಷಣೆಯನ್ನು ಕೇವಲ ಕಥೆಯ ಕೊಂಡಿ ಎಂದು ದಾಟಿಬಿಡುತ್ತಾರೆ. ಮುಂದೆ ಇದೇ ತಾಯಿಮಕ್ಕಳು ಕೋಳಿಗಳಾಗಿ ಹುಟ್ಟಿದಾಗ ಮುನಿಯ ಮಾತು ಕೇಳಿ ಪೂರ್ವಜನ್ಮ ನೆನಪಾಗುತ್ತದೆ. ಆನಂದದಿಂದ ಕೂಗುತ್ತಾರೆ. ಆ ಕೂಗನ್ನೇ ಗುರಿಯಾಗಿಸಿ ಯಶೋಮತಿ ಶಬ್ದವೇಧಿ ಬಾಣ ಬಿಡುತ್ತಾನೆ. ಬಾಣ ಬಿಟ್ಟವನು ಯಶೋಧರನ ಸ್ವಂತ ಮಗ. ಸಾಕ್ಷಾತ್ಕಾರದ ಕೂಗೇ ಮೃತ್ಯುವಿಗೆ ದಾರಿ ತೋರಿಸಿತು. ಜನ್ನನಷ್ಟು ಕಟುವಾದ ವ್ಯಂಗ್ಯ ಯಾವ ಆಧುನಿಕ ಕಥೆಗಾರನಿಗೂ ಸಾಧ್ಯವಾಗಿದೆ ಎಂದು ನನಗನಿಸಿಲ್ಲ.

ಈ ಅಪನಂಬಿಕೆ ಕವಿಗಳದು ಮಾತ್ರವಲ್ಲ, ಶಾಸ್ತ್ರದ್ದೂ ಹೌದು. ಸಮ್ಯಗ್ದರ್ಶನ, ಅಂದರೆ ಸರಿಯಾದ ಕಾಣ್ಕೆ, ಉಪದೇಶದಿಂದ ಬರಬಹುದು, ತಾನಾಗಿಯೂ ಬರಬಹುದು ಎಂದು 'ತತ್ತ್ವಾರ್ಥಸೂತ್ರ' ಒಪ್ಪುತ್ತದೆ. ಅಂದರೆ ಹಠಾತ್ ದರ್ಶನವನ್ನು ಜೈನರು ನಿರಾಕರಿಸಲಿಲ್ಲ. ಆದರೆ ಮೊದಲ ಸಲ ಬರುವ ಉಪಶಮ ಸಮ್ಯಕ್ತ್ವದ ಅವಧಿ ಒಂದು ಅಂತರ್ಮುಹೂರ್ತ. ಮುಹೂರ್ತವೆಂದರೆ 48 ನಿಮಿಷ, ಇದು ಅದಕ್ಕಿಂತಲೂ ಕಡಿಮೆ. ಹದಿನಾಲ್ಕು ಗುಣಸ್ಥಾನಗಳ ಏಣಿಯಲ್ಲಿ ಎರಡನೆಯ ಮೆಟ್ಟಿಲಾದ ಸಾಸಾದನಕ್ಕೆ ಯಾರೂ ಹತ್ತಿ ಬರುವುದಿಲ್ಲ, ಮೇಲಿಂದ ಜಾರಿಯೇ ಬರುತ್ತಾರೆ. ಕಂಡವನು ಕಳೆದುಕೊಳ್ಳುತ್ತಾನೆ ಎಂಬುದಕ್ಕೆ ಒಂದು ಮೆಟ್ಟಿಲನ್ನೇ ಮೀಸಲಿಟ್ಟ ಪರಂಪರೆಯ ಕಾವ್ಯಗಳನ್ನು ನಾವು 'ಮಿಂಚಿನ' ಕಾವ್ಯಗಳೆಂದು ಓದುತ್ತಿದ್ದೇವೆ.

ನನ್ನ ವಾದಕ್ಕೆ ಗಟ್ಟಿಯಾದ ಆಕ್ಷೇಪ ಭರತನ ಕಡೆಯಿಂದಲೇ ಬರುತ್ತದೆ. ಚಕ್ರವರ್ತಿ ಭರತ ಕನ್ನಡಿಯಲ್ಲಿ ನರೆಗೂದಲು ಕಂಡು ದೀಕ್ಷೆ ಪಡೆದ ಕೂಡಲೇ ಕೇವಲಜ್ಞಾನ ಪಡೆದನಲ್ಲ? ತಮ್ಮನಿಗೆ ಒಂದು ವರ್ಷ, ತಂದೆಗೆ ಸಾವಿರ ವರ್ಷ, ಇವನಿಗೆ ಮಾತ್ರ ಕೂಡಲೇ. ಇದನ್ನು ಹಾರಿಸಿ ಮುಂದೆ ಹೋಗುವ ಹಾಗಿಲ್ಲ. ಹಠಾತ್ತಾಗಿ, ಶಾಶ್ವತವಾಗಿ ಬದಲಾಗುವವರಿದ್ದಾರೆ ಎಂದು ಪರಂಪರೆ ಇಲ್ಲಿ ಹೇಳುತ್ತಿರುವುದು ನಿಜ. ಆದರೆ ಈ ಉತ್ತರದಿಂದ ಕನ್ನಡಕ್ಕೇ ತೃಪ್ತಿಯಾಗಲಿಲ್ಲವೆಂದು ಕಾಣುತ್ತದೆ. 16ನೆಯ ಶತಮಾನದಲ್ಲಿ ರತ್ನಾಕರವರ್ಣಿ ಸುಮಾರು ಹತ್ತು ಸಾವಿರ ಸಾಂಗತ್ಯ ಪದ್ಯಗಳ 'ಭರತೇಶ ವೈಭವ' ಬರೆದ. ಅದರ ಭರತ ಒಡ್ಡೋಲಗ ನಡೆಸುತ್ತಾನೆ, ಉಣ್ಣುತ್ತಾನೆ, ರಾಣಿಯರೊಂದಿಗೆ ಸರಸವಾಡುತ್ತಾನೆ, ನಡುನಡುವೆ ಕಣ್ಣುಮುಚ್ಚಿ ಆತ್ಮಧ್ಯಾನ ಮಾಡುತ್ತಾನೆ. ಹೀಗೆ ದಿನ, ಮತ್ತೆ ದಿನ. ಆ ಕೊನೆಯ ಗಳಿಗೆ ನಂಬುವಂತಾಗಲು ಇಷ್ಟು ದಿನಚರಿ ಬೇಕು ಎಂದು ರತ್ನಾಕರನಿಗೆ ಅನಿಸಿದೆ. 'ವೈಭವದ ಕಾವ್ಯ, ಉದ್ದವಾಯಿತು' ಎಂದು ದೂರುವವರು ಆ ಉದ್ದದಲ್ಲೇ ಒಂದು ವಾದವಿದೆ ಎಂಬುದನ್ನು ನೋಡಿಲ್ಲ.

ಇದು ಜೈನರ ತರ್ಕ, ಶರಣರದು ಬೇರೆ ಎನ್ನಬಹುದು. ಹರಿಹರನ ಅಲ್ಲಮ ಕಮಲತೆಯ ಸಾವಿನ ದುಃಖದಲ್ಲಿ ಕಾಲುಗುರಿನಿಂದ ನೆಲ ಕೆದಕುತ್ತಾ ಕೂತಾಗ ಹೂತುಹೋದ ಗುಡಿಯ ಕಳಸ ಸಿಗುತ್ತದೆ, ಒಳಗೆ ಅನಿಮಿಷನ ಕೈಯ ಲಿಂಗ ಸಿಗುತ್ತದೆ. ನಿಜ, ಅದಕ್ಕಿಂತ ಹಠಾತ್ತಾದದ್ದು ಇನ್ನೊಂದಿಲ್ಲ. ಆದರೆ 'ಶೂನ್ಯಸಂಪಾದನೆ'ಯಲ್ಲಿ ಇದೇ ಅಲ್ಲಮನ ಕೆಲಸವೇನು? ಮುಕ್ತಾಯಕ್ಕ, ಸಿದ್ಧರಾಮ, ಅಕ್ಕಮಹಾದೇವಿ ಎಲ್ಲರನ್ನೂ ಎದುರು ನಿಲ್ಲಿಸಿಕೊಂಡು ನೀನು ಕಂಡದ್ದೇನು, ಅದು ಉಳಿದಿದೆಯೇ ಎಂದು ಕೆದಕುವುದು. ಅನುಭವ ಆಯಿತೆಂಬ ಹೇಳಿಕೆಗೆ ಅಲ್ಲಿ ಸಭೆಯ ಮುಂದೆ ಜವಾಬು ಕೊಡಬೇಕು.

ಹಾಗಿದ್ದರೆ ಕ್ಷಣದ ಈ ಮೋಹ ಎಲ್ಲಿಂದ ಬಂತು? ಪೂರ್ತಿ ಪಶ್ಚಿಮದಿಂದ ಎಂದು ಹೇಳಿ ಮುಗಿಸುವುದು ಸೋಮಾರಿತನ. ಹರಿಕಥೆ, ಸಿನಿಮಾಗಳಿಗೂ ಇದರಲ್ಲಿ ಪಾಲಿದೆ. ಮೂಗುತಿ ಸಿಕ್ಕ ಕೂಡಲೇ ಪುರಂದರದಾಸರಾದ ನಾಯಕರನ್ನು ನಾವೆಲ್ಲ ಬಲ್ಲೆವು. ಆದರೂ ವಿಮರ್ಶೆಯ ಪರಿಭಾಷೆಯಾಗಿ ಅದು ಗಟ್ಟಿಯಾದದ್ದು ನವ್ಯದಲ್ಲಿ, ಜಾಯ್ಸ್‌ನ ನೆರಳಲ್ಲಿ. ತಮಾಷೆಯೆಂದರೆ, 'ಸ್ಟೀಫನ್ ಹೀರೋ'ದಲ್ಲಿ ಎಪಿಫನಿಯ ಸಿದ್ಧಾಂತ ಕಟ್ಟಿದ ಜಾಯ್ಸ್ ಆ ಬರಹವನ್ನು ತಾನು ಪ್ರಕಟಿಸಲೇ ಇಲ್ಲ. ಅದು ಬಂದದ್ದು 1944ರಲ್ಲಿ, ಅವನು ಸತ್ತ ಮೇಲೆ. 1922ರ 'ಯೂಲಿಸಿಸ್'ನಲ್ಲಿ ತನ್ನ ಯೌವನದ ಎಪಿಫನಿಗಳನ್ನು ಸ್ಟೀಫನ್ನನ ಬಾಯಲ್ಲೇ ಗೇಲಿ ಮಾಡಿದ. ಗುರು ಕೈಬಿಟ್ಟ ಶಬ್ದವನ್ನು ಶಿಷ್ಯರು ಭದ್ರವಾಗಿ ಹಿಡಿದುಕೊಂಡರು.

ಇದರ ಪರಿಣಾಮ ಅತ್ಯಂತ ಸ್ಪಷ್ಟವಾಗಿ ಕಾಣುವುದು ಅನಂತಮೂರ್ತಿಯವರ 'ಸಂಸ್ಕಾರ'ದ (1965) ಓದಿನಲ್ಲಿ. ಕಾಡಿನ ಕತ್ತಲೆಯಲ್ಲಿ ಪ್ರಾಣೇಶಾಚಾರ್ಯರು ಸತ್ತ ನಾರಣಪ್ಪನ ಸಂಗಾತಿ ಚಂದ್ರಿಯನ್ನು ಕೂಡಿದ ಗಳಿಗೆಯನ್ನು ಕಾದಂಬರಿಯ ಹೃದಯವೆಂದು ಎಲ್ಲರೂ ಒಪ್ಪಿದಂತಿದೆ. ದಮನಗೊಂಡ ದೇಹ ಎಚ್ಚೆತ್ತಿತು, ಶಾಸ್ತ್ರ ಕುಸಿಯಿತು, ಮನುಷ್ಯ ಹುಟ್ಟಿದ ಇತ್ಯಾದಿ. ಈ ಓದಿಗೆ ಕಾದಂಬರಿಯ ಕೊನೆಯ ಭಾಗ ಯಾವತ್ತೂ ತೊಡಕು. ಅಷ್ಟು ದೊಡ್ಡ ಎಚ್ಚರ ಆಗಿದ್ದರೆ ಆಚಾರ್ಯರು ದಾರಿಯಲ್ಲಿ ಸಿಕ್ಕ ಪುಟ್ಟನ ಜೊತೆ ಮೇಳಿಗೆಯ ಜಾತ್ರೆಯಲ್ಲಿ ಕಳ್ಳನಂತೆ ಯಾಕೆ ಅಲೆಯುತ್ತಾರೆ, ಸೂತಕದಲ್ಲಿ ದೇವಸ್ಥಾನದ ಪಂಕ್ತಿಯಲ್ಲಿ ಕೂತು ಯಾರು ಗುರುತಿಸಿಬಿಡುತ್ತಾರೋ ಎಂದು ಯಾಕೆ ಬೆವರುತ್ತಾರೆ? ಅಂತ್ಯ ಅಸ್ಪಷ್ಟ, ಲೇಖಕರಿಗೆ ನಿರ್ಧರಿಸಲಾಗಲಿಲ್ಲ ಎಂದು ದೂರುವವರಿದ್ದಾರೆ. ನನಗೆ ಆ ಭಾಗವೇ ಕಾದಂಬರಿಯ ಪ್ರಾಮಾಣಿಕತೆ. ಯಶೋಧರನಂತೆ ಆಚಾರ್ಯರೂ ರಾತ್ರಿ ಕಂಡದ್ದನ್ನು ಹಗಲಲ್ಲಿ ಯಾರಿಗೆ, ಹೇಗೆ ಹೇಳುವುದೆಂದು ತಿಳಿಯದೆ ಒದ್ದಾಡುತ್ತಿದ್ದಾರೆ.

ಇಷ್ಟಾದರೂ ನಮ್ಮ ವಿಮರ್ಶೆ ಹೆಚ್ಚು ಗಮನ ಕೊಡದ ವಿಷಯವೊಂದಿದೆ. ಇಡೀ ಕಾದಂಬರಿಯ ಸಮಸ್ಯೆ ನಾರಣಪ್ಪನ ಶವಸಂಸ್ಕಾರ. ಅದಕ್ಕೆ ಉತ್ತರ ಹುಡುಕಲು ಆಚಾರ್ಯರು ಗ್ರಂಥ ತಿರುವಿದರು, ಮಾರುತಿಯ ಮುಂದೆ ಕೂತರು, ಕೊನೆಗೆ ತಾವೇ ಬದಲಾದರು. ಉತ್ತರ ಸಿಕ್ಕಿತೇ? ಅದೇ ರಾತ್ರಿ ಚಂದ್ರಿ ಅಗ್ರಹಾರಕ್ಕೆ ವಾಪಸು ಬಂದು, ಕೊಳೆಯುತ್ತಿದ್ದ ಹೆಣ ನೋಡಿ, ಮೊದಲು ಗಾಡಿಯ ಶೇಷಪ್ಪನನ್ನು ಕೇಳಿ, ಅವನು ಹೆದರಿದ ಮೇಲೆ ಮೀನಿನ ವ್ಯಾಪಾರದ ಅಹ್ಮದ್ ಬ್ಯಾರಿಯ ಸಹಾಯದಿಂದ ಸುಟ್ಟು, ಕುಂದಾಪುರದ ದಾರಿ ಹಿಡಿದಳು. ಕಾದಂಬರಿ ಮುಗಿಯುವವರೆಗೂ ಆಚಾರ್ಯರಿಗೆ ಇದು ಗೊತ್ತೇ ಇಲ್ಲ. ಕಾಡಿನಲ್ಲಿ ಇಬ್ಬರೂ ಇದ್ದರು, ಆದರೆ 'ಅನುಭವ' ಆದದ್ದು ಆಚಾರ್ಯರಿಗೆ ಮಾತ್ರ ಎಂಬಂತೆ ನಾವು ಅರ್ಧ ಶತಮಾನ ಬರೆದಿದ್ದೇವೆ. ಚಂದ್ರಿಯನ್ನು ಪ್ರಕೃತಿ, ಸಂಕೇತ, ನಿಮಿತ್ತ ಎಂದೆಲ್ಲ ಕರೆದು, ಅವಳು ಮಾಡಿದ ಕೆಲಸವನ್ನು ಕಥೆಯ ವಿವರವೆಂದು ಬದಿಗಿಟ್ಟಿದ್ದೇವೆ. ಅಹ್ಮದ್ ಬ್ಯಾರಿಗಂತೂ ನಮ್ಮ ಲೇಖನಗಳಲ್ಲಿ ಒಂದು ಪ್ಯಾರಾ ಸಿಕ್ಕರೆ ಹೆಚ್ಚು. ಶವ ಸುಡುವ ಆ ಪುಟಗಳಿಂದ ಹಿಂದಕ್ಕೆ ಹೋಗಿ ಕಾಡಿನ ರಾತ್ರಿಯನ್ನು ಓದಿದರೆ ಕಾದಂಬರಿ ಬೇರೆಯೇ ಆಗುತ್ತದೆ. ಆ ಓದನ್ನು ಕನ್ನಡ ವಿಮರ್ಶೆ ಇನ್ನೂ ಬರೆದುಕೊಳ್ಳಬೇಕಾಗಿದೆ.